ಖಾರ ಕುಟ್ಟುವ ತಿಂಗಳು, ಬರೆಯುವ ಮೇಜು

ಕರೋಶಿಯ ಅಪ್ಪಾಸಾಬ ಅಣ್ಣ ಬದುಕಿದ್ದಾರೆ. ಗಟ್ಟಿಮುಟ್ಟಾಗಿಯೇ ಇದ್ದಾರೆ. ಇವತ್ತು ಬೆಳಿಗ್ಗೆ ನಮ್ಮ ಬಾವಿಯ ಹತ್ತಿರ ನಿಂತು, ನಾನು ಬದನೆಯ ಮಡಿಗೆ ನೀರು ತಿರುಗಿಸುವ ರೀತಿ ಸರಿಯಿಲ್ಲ ಎಂದು ಬುದ್ಧಿ ಹೇಳಿ ಹೋದರು. ತಾವು ಮಾಡಿದ ಕೆಲಸದ ಬಗ್ಗೆ ಬರೆಯುವವರು ಪಕ್ಕದ ಮನೆಯವರ ಆರೋಗ್ಯದಿಂದ ಶುರು ಮಾಡುವುದಿಲ್ಲ, ನನಗೂ ಗೊತ್ತು. ಆದರೆ ಈ ಬರಹದ ಮೊದಲ ಸಾಲು ಯಾವುದಿರಬೇಕು ಎಂದು ತೀರ್ಮಾನ ಮಾಡಿದವಳು ನಾನಲ್ಲ. ಯಾರು, ಯಾಕೆ ಎಂಬುದನ್ನು ಹೇಳುತ್ತೇನೆ.

ನಾನು ಚಿಕ್ಕೋಡಿ ತಾಲೂಕಿನ ಈ ಕರೋಶಿಯಲ್ಲಿ ಕುಳಿತು, ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಗೆ ಬಹಳ ವರ್ಷ ಅಂಕಣ ಬರೆದವಳು. ಹೊಲ, ಹಿತ್ತಲು, ದನಕರು, ಅಡುಗೆಮನೆ, ಇವೇ ನನ್ನ ವಿಷಯ. ನಮ್ಮದು ಸಣ್ಣ ಹಿಡುವಳಿ. ಎರಡು ಎಮ್ಮೆ, ನಾಲ್ಕಾರು ಆಡು, ಜೋಳ, ಸ್ವಲ್ಪ ಅರಿಶಿಣ, ಬಾವಿಯ ಸುತ್ತ ಕಾಯಿಪಲ್ಲೆ, ಮನೆಯ ಹಿಂದೆ ಎರಡು ಮಾವಿನ ಮರ. ಈಗ ಅಂಕಣ ನನ್ನ ಕೈಯಲ್ಲಿಲ್ಲ. ಅದನ್ನು ಸದಲಗಾದ ಸ್ನೇಹಲ್ ಎಂಬ ಹುಡುಗಿಗೆ ಕೊಟ್ಟಿದ್ದಾರೆ. ಮೊನ್ನೆ ಅವಳು ಫೋನ್ ಮಾಡಿದ್ದಳು.

"ಅಕ್ಕಾರ, ಒಂದ್ ಮಾತ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಈ ಸುಗ್ಗ್ಯಾಗ ನೀವು ಹ್ಯಾಂಗ ಬರೀತಿದ್ರಿ? ನಮ್ಮನ್ಯಾಗ ಎಮ್ಮಿ ಹಾಲು, ಕಬ್ಬ ಕಡ್ಯೂ ಗ್ಯಾಂಗಿಗೆ ಚಾ, ಮ್ಯಾಲ ಶಾವಗಿ. ಕುಂತ ಬರ್ಯಾಕ ಆಗವಲ್ದು. ಪೇಪರನವ್ರು ನೋಡಿದ್ರ, ವಸಂತದ ಮ್ಯಾಲ ಆಹ್ಲಾದಕರವಾಗಿ ಬರೀರಿ ಅಂತಾರ."

ಆಹ್ಲಾದಕರ! ಆ ಶಬ್ದ ಕಿವಿಗೆ ಬಿದ್ದೊಡನೆ ನನ್ನ ಮೈಯೆಲ್ಲ ಉರಿಯಿತು. ನನಗೂ ಅದೇ ಶಬ್ದವನ್ನೇ ಹೇಳುತ್ತಿದ್ದರು. ಅದೇ ಪುರವಣಿ, ಅದೇ ಯುಗಾದಿ ವಿಶೇಷಾಂಕ, ಅದೇ ಆಹ್ಲಾದ. ನಿಪ್ಪಾಣಿಯ ಗೆಳೆಯರು ಕೆಲವರು ಹೊಸದಾಗಿ ಬರೆಯುವವರಿಗಾಗಿ ಒಂದು ಪುಸ್ತಕ ತರುತ್ತಿದ್ದಾರಂತೆ, ಅದಕ್ಕೆ ನೀವು ಬರೆಯಿರಿ ಎಂದು ಸ್ನೇಹಲ್ ಗಂಟು ಬಿದ್ದಳು. ಇನ್ನು ಬರೆಯುವುದಿಲ್ಲ ಎಂದು ಕೂತಿದ್ದೆ, ಆಗಲ್ಲ ಎಂದುಬಿಟ್ಟೆ. ಮತ್ತೆ ಯಾಕೆ ಬರೆದೆ ಎನ್ನುವುದೂ ಮುಂದೆ ಬರುತ್ತದೆ.

ಪಟ್ಟಣದ ಕಚೇರಿಯಲ್ಲಿ ಕುಳಿತವರಿಗೆ ವಸಂತ ಎಂದರೆ ಚಿಗುರು ಮತ್ತು ಕೋಗಿಲೆ. ಕೋಗಿಲೆ ನಮ್ಮಲ್ಲೂ ಕೂಗುತ್ತದೆ, ಇಲ್ಲವೆನ್ನುವುದಿಲ್ಲ. ಕೇಳಲು ಯಾರಿಗೆ ಬಿಡುವು? ಶಿವರಾತ್ರಿ ಸಮೀಪಿಸಿತೆಂದರೆ ಜೋಳ ಕೀಳಬೇಕು. ಕಡಲೆ ಬಡಿಯಬೇಕು. ಅರಿಶಿಣ ಅಗೆದು, ಬೇಯಿಸಿ, ಅಂಗಳದ ತುಂಬ ಹರವಬೇಕು. ಆಡುಗಳು ಅದೇ ಹೊತ್ತಿಗೆ ಮರಿ ಹಾಕುತ್ತವೆ. ಹೋಳಿ ಮುಗಿಯಿತೋ ಇಲ್ಲವೋ, ವರ್ಷದ ಖಾರ, ವರ್ಷದ ಶಾವಿಗೆ, ಹಪ್ಪಳ, ಸಂಡಿಗೆ ಶುರು. ಇಡೀ ವರ್ಷದ ಅನ್ನವನ್ನು ಮನೆಯೊಳಗೆ ತಂದು ತುಂಬುವ ಕಾಲ ಇದು. ಇದೇ ಕಾಲಕ್ಕೆ ಸರಿಯಾಗಿ ವಿಶೇಷಾಂಕದವರು ಲೇಖನ ಕೇಳುತ್ತಾರೆ. ಅದೂ ಯುಗಾದಿಗಲ್ಲ, ಶಿವರಾತ್ರಿಗೇ ಕೊಡಬೇಕು, ಯಾಕೆಂದರೆ ಜಾಹೀರಾತು ಹೊಂದಿಸಿ ಪುಟ ಕಟ್ಟಬೇಕಲ್ಲ. ಮಾವು ಇನ್ನೂ ಹೂ ಬಿಟ್ಟು ನಿಂತಾಗ ಕಾಯಿಯ ಬಗ್ಗೆ ಬರೆಯಬೇಕು, ಮಾವು ಕಾಯಿ ಕಟ್ಟುವಾಗ ಅವರಿಗೆ ಮಳೆಗಾಲದ ಲೇಖನ ಬೇಕು. ಕಣ್ಣೆದುರಿಗೆ ಇರುವುದನ್ನು ಬರೆಯಲು ನನಗೆ ಒಂದು ವರ್ಷವೂ ಬಿಡಲಿಲ್ಲ.

ನನಗೊಂದು ಮೇಜು ಇತ್ತು, ಈಗಲೂ ಇದೆ. ಚಿಕ್ಕೋಡಿಯ ಒಂದು ಶಾಲೆಯವರು ಹಳೆಯ ಸಾಮಾನು ಮಾರುವಾಗ ನಮ್ಮ ಯಜಮಾನರು ತಂದುಕೊಟ್ಟದ್ದು. ಒಳಕೋಣೆಯ ಕಿಟಕಿಯ ಪಕ್ಕ ಹಾಕಿಕೊಂಡಿದ್ದೆ. ವರ್ಷವೆಲ್ಲ ಅದು ನನ್ನದು. ಜೋಳ ಬಂತೆಂದರೆ ಅದು ಜೋಳದ್ದು. ನಮ್ಮ ಅತ್ತೆ ಮೊದಲ ಚೀಲವನ್ನು ಅದರ ಮೇಲೆಯೇ ಇಡಿಸುತ್ತಿದ್ದರು. "ನೆಲದ ಮ್ಯಾಲ ಇಟ್ರ ತಂಪ ಹಿಡಿತೈತಿ, ಇಲಿ ಬ್ಯಾರೆ. ಮೇಜ ಖಾಲಿನ ಐತೆಲ್ಲ," ಎನ್ನುತ್ತಿದ್ದರು. ಅದರ ಮೇಲೆ ನನ್ನ ಕಾಗದ, ಪೆನ್ನು, ಅರ್ಧ ಬರೆದ ಹಾಳೆ ಇರುತ್ತಿದ್ದವು. ಆದರೂ ಅತ್ತೆಯ ಕಣ್ಣಿಗೆ ಅದು ಖಾಲಿ.

ಹಾಗಾಗಿ ನಾನು ವಸಂತದಲ್ಲಿ ಬರೆದದ್ದೆಲ್ಲ ಬೇರೆ ಬೇರೆ ಕಡೆ ಕುಳಿತು. ಪಡಸಾಲೆಯ ಕಟ್ಟೆಯ ಮೇಲೆ, ಅರಿಶಿಣ ಬೇಯುವ ಕಡಾಯಿಯ ಪಕ್ಕ, ಮರಿ ಹಾಕಲಿರುವ ಆಡಿನ ಕಾವಲಿಗೆ ಕುಳಿತಾಗ. ರೊಟ್ಟಿಯ ಹಿಟ್ಟು ನಾದುವ ಪರಾತವನ್ನು ಮೊಣಕಾಲ ಮೇಲೆ ಬೋರಲು ಹಾಕಿ, ಅದರ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೆ. ಸ್ನೇಹಲ್‌ಗೆ ಮತ್ತು ಅವಳಂಥವರಿಗೆ ನಾನು ಕೊಡಬಹುದಾದ ಉಪಾಯ ಒಂದೇ. ಹಾಲು ಹಿಂಡುವಾಗ ಎಮ್ಮೆಗೂ ನಿಮಗೂ ಮಾತಿಲ್ಲ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಆಗ ಮೊದಲ ವಾಕ್ಯವನ್ನು ತಲೆಯಲ್ಲಿ ಕಟ್ಟಿಕೊಳ್ಳಿ. ಚರಿಗೆ ತುಂಬುವ ಹೊತ್ತಿಗೆ ಅದು ನೆಟ್ಟಗಾಗಿರುತ್ತದೆ. ಉಳಿದದ್ದನ್ನು ಎಲ್ಲಿ ಕುಳಿತು ಬೇಕಾದರೂ ಬರೆಯಬಹುದು. ಬರೆಯಲು ಮನಸ್ಸು ತಿಳಿಯಾಗಿರಬೇಕು, ಮೌನ ಬೇಕು ಎನ್ನುವವರ ಮಾತನ್ನು ನಂಬಬೇಡಿ, ಅವರ ಮನೆಯಲ್ಲಿ ರೊಟ್ಟಿ ಬಡಿಯುವವರು ಬೇರೆ ಯಾರೋ ಇರುತ್ತಾರೆ.

ಬರೆಯುವುದು ಒಂದು ಕೆಲಸ ಎಂದು ನಮ್ಮ ಕಡೆ ಒಪ್ಪಿಸುವುದು ಬರೆಯುವುದಕ್ಕಿಂತ ಕಷ್ಟ. ಒಮ್ಮೆ ಜನಗಣತಿಗೆ ಬಂದ ಮಾಸ್ತರರೊಬ್ಬರು ನನ್ನ ಉದ್ಯೋಗ ಕೇಳಿದರು. "ಪೇಪರಿಗೆ ಬರೀತೀನ್ರಿ," ಎಂದೆ. ಅವರು ನಕ್ಕು, "ಅದಲ್ರಿ ಬಾಯಾರ, ಕೆಲಸಾ ಏನ ಮಾಡ್ತೀರಿ?" ಎಂದರು. "ಹೊಲಾನೂ ನಾನ ನೋಡ್ತೀನ್ರಿ," ಎಂದೆ. ಅವರು ನಮ್ಮ ಯಜಮಾನರ ಮುಖ ನೋಡಿದರು. ಇವರು, ಪುಣ್ಯಾತ್ಮರು, "ಹೌದ್ರಿ, ಎರಡೂ ಅಕಿನ ಮಾಡ್ತಾಳ್ರಿ," ಎಂದರು. ಮಾಸ್ತರರು ತಲೆಯಾಡಿಸಿ, ನನ್ನ ಕಣ್ಣೆದುರಿಗೇ 'ಮನೆಗೆಲಸ' ಎಂದು ಬರೆದುಕೊಂಡು ಎದ್ದರು. ಎರಡು ಕೆಲಸ ಮಾಡುವವಳ ಎರಡನ್ನೂ ಒಂದೇ ಏಟಿಗೆ ಅಳಿಸಿ, ಮೇಲೆ ನನ್ನ ಕೈಯಿಂದಲೇ ಮಜ್ಜಿಗೆ ಕುಡಿದು ಹೋದರು. ಆ ಮಜ್ಜಿಗೆ ಕೊಟ್ಟದ್ದಕ್ಕೆ ನನಗೆ ಇವತ್ತಿಗೂ ಸಂಕಟವಿದೆ.

ಪತ್ರಿಕೆಯವರಾದರೂ ನನ್ನ ಹೊಲವನ್ನು ಕೆಲಸ ಎಂದು ಎಣಿಸಿದರೇ? ಅದೂ ಇಲ್ಲ. "ನೀವು ಹಳ್ಳಿಯಲ್ಲಿರುವವರು ಮೇಡಂ, ಟೈಮ್ ಬೇಕಾದಷ್ಟು ಇರುತ್ತೆ," ಎನ್ನುವರು. ಊರವರು ಬರೆಯುವವಳೆಂದು ಹೊಲಗೆಲಸದಲ್ಲಿ ನನ್ನನ್ನು ಅರ್ಧ ಆಳು ಎಂದರು. ಪತ್ರಿಕೆಯವರು ಹೊಲದವಳೆಂದು ಬರಹದಲ್ಲಿ ಅರ್ಧ ಬರಹಗಾರ್ತಿ ಎಂದರು. ಎರಡು ಅರ್ಧ ಕೂಡಿಸಿದರೆ ಒಂದಾದರೂ ಆಗಬೇಕಿತ್ತು, ಅದೂ ಆಗಲಿಲ್ಲ.

ನನ್ನ ಮೊದಲ ಸಂಪಾದಕರು ಹಾಗಿರಲಿಲ್ಲ. ಅವರು ಮೊದಲು ಶಾಲೆಯಲ್ಲಿ ಕಲಿಸಿದವರು, ಎಲ್ಲರೂ ಅವರನ್ನು ಗುರುಗಳು ಎಂದೇ ಕರೆಯುತ್ತಿದ್ದರು. ಮಹಾ ಸಿಡುಕರು. ಆಗ ಬರೆದದ್ದನ್ನು ಪಾಕೀಟಿನಲ್ಲಿ ಹಾಕಿ, ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಕಂಡಕ್ಟರರ ಕೈಗೆ ಕೊಡಬೇಕು. ಆ ಕಡೆ ಕಚೇರಿಯ ಸಿಪಾಯಿ ಬಂದು ಇಳಿಸಿಕೊಳ್ಳುತ್ತಿದ್ದ. ಒಂದು ಸಲ ಅರಿಶಿಣದ ಕೈಯಲ್ಲೇ ಬರೆದು ಕಳಿಸಿದ್ದೆ, ಹಾಳೆಯೆಲ್ಲ ಹಳದಿ. ಗುರುಗಳು ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ನನ್ನನ್ನು ಕರೆಸಿ, "ಲಗ್ನಪತ್ರಿಕಿ ಕಳಿಸ್ಯಾರೇನಂತ ಎಲ್ಲಾರೂ ಕೇಳಾಕತ್ತಾರ. ಕೈ ತೊಳಕೊಂಡ ಬರ್ಯಾಕ ಏನ ಧಾಡಿ?" ಎಂದು ಬೈದರು. ಆದರೆ ಲೇಖನ ಒಂದಕ್ಷರ ಬದಲಾಗದೆ ಬಂದಿತ್ತು.

ಅವರ ಕಾಲದಲ್ಲಿಯೂ ಎಡವಟ್ಟು ಆಗಿದ್ದುಂಟು. ನಮ್ಮಲ್ಲಿ ಹಿಂಗಾರಿ ಜೋಳವನ್ನು ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ಸಾಲು ಹಿಡಿದು ಬಗ್ಗಿ, ದಂಟನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಬೇಕು. ಸೊಂಟ ಮುರಿಯುವ ಕೆಲಸ. ನಾನು ಹಾಗೆಯೇ ಬರೆದಿದ್ದೆ. ಪುಟ ಕಟ್ಟುವ ಹುಡುಗನೊಬ್ಬ, ಹೊಸಬ, ಇದೇನೋ ತಪ್ಪಿರಬೇಕೆಂದು 'ಕುಡುಗೋಲಿನಿಂದ ಕೊಯ್ದರು' ಎಂದು ಮಾಡಿ, ಮೇಲೆ ಎಲ್ಲಿಂದಲೋ ಭತ್ತದ ಕೊಯ್ಲಿನ ಚಿತ್ರ ಹಾಕಿದ್ದ. ಆ ವಾರ ಸಂತೆಗೆ ಹೋದರೆ ಮುಖ ತೋರಿಸಲಾಗದಂತಾಯಿತು. "ಸುಮಕ್ಕಾ, ಜ್ವಾಳಾ ಕುಡಗೋಲಿಲೆ ಕೊಯ್ತೀರಂತ? ನಮಗೂ ಕಲಿಸಬೇಕವ್ವಾ, ನಮ್ಮ ಟೊಂಕಾದ್ರೂ ಉಳದೀತು," ಎಂದು ಕಾಯಿಪಲ್ಲೆ ಮಾರುವವರೂ ನಕ್ಕರು. ನಾನು ಗುರುಗಳಿಗೆ ಫೋನಿನಲ್ಲಿ ಕೂಗಾಡಿದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿದರು. ಮರುದಿನ ಮೊದಲ ಬಸ್ಸಿಗೆ ಆ ಹುಡುಗನನ್ನು ನಮ್ಮ ಹೊಲಕ್ಕೇ ಕಳಿಸಿದರು. ಅವನು ಮಧ್ಯಾಹ್ನದವರೆಗೆ ಜೋಳ ಕಿತ್ತು, ಅಂಗೈ ಬೊಬ್ಬೆ ಎಬ್ಬಿಸಿಕೊಂಡು, ನಮ್ಮಲ್ಲೇ ಉಂಡು ಹೋದ. ಮುಂದಿನ ವಾರ ಅದೇ ಪುಟದಲ್ಲಿ, ಅದೇ ಜಾಗದಲ್ಲಿ ತಿದ್ದುಪಡಿ ಬಂತು. ಸಂಪಾದಕ ಎಂದರೆ ಅದು.

ಗುರುಗಳು ಹೋದರು, ಕಾಲವೂ ಬದಲಾಯಿತು. ಪಾಕೀಟು ಹೋಗಿ ಫ್ಯಾಕ್ಸ್ ಬಂತು. ಫ್ಯಾಕ್ಸ್ ಹೋಗಿ ಚಿಕ್ಕೋಡಿಯ ಕಂಪ್ಯೂಟರ್ ಅಂಗಡಿಯಿಂದ ಇ-ಮೇಲ್ ಕಳಿಸುವುದಾಯಿತು. ಕೊನೆಗೆ ವಾಟ್ಸಾಪ್. ಕಳಿಸುವುದು ಸಲೀಸಾದಂತೆ ನನಗೆ ಸಲೀಸಾಯಿತು ಎಂದುಕೊಂಡರೆ ಅದು ನಿಮ್ಮ ತಪ್ಪು. ಬಸ್ಸಿನ ಕಾಲದಲ್ಲಿ ವಾರಕ್ಕೊಂದು ದಿನ ಗಡುವು ಇತ್ತು, ಆ ದಿನ ದಾಟಿದರೆ ಯಾರೂ ಕೇಳುತ್ತಿರಲಿಲ್ಲ. ವಾಟ್ಸಾಪ್ ಬಂದ ಮೇಲೆ ಗಡುವು ಎಂಬುದೇ ಇಲ್ಲ. ಸೆಗಣಿ ಬಾಚುವಾಗ "ಮೇಡಂ, ಸ್ವಲ್ಪ ಚಿಕ್ಕದು ಮಾಡಿ," ಅರಿಶಿಣ ತಿರುವುವಾಗ "ಮೇಡಂ, ಶೀರ್ಷಿಕೆ ಹೊಳೀತಾ?" ಎಂದು ಕಿಣಿಕಿಣಿ. ಬರಹ ಸಣ್ಣದಾಗುತ್ತ ಹೋಯಿತು, ಚಿತ್ರ ದೊಡ್ಡದಾಗುತ್ತ ಬಂತು. "ಫೋಟೋ ಕಳಿಸಿ ಮೇಡಂ, ಫೋಟೋ ಇಲ್ಲದೆ ಈಗ ಯಾರೂ ಓದಲ್ಲ," ಎಂದು ಹೊಸ ಪುರವಣಿ ಸಂಪಾದಕರು ಹೇಳಿದರು. ಇವರ ಹೆಸರು ಮಧುಸೂದನ ಎಂದಿಟ್ಟುಕೊಳ್ಳಿ. ತಣ್ಣಗೆ ಮಾತಾಡುವ, ಎಂದೂ ಬೈಯದ ಮನುಷ್ಯ. ಬೈಯುವ ಸಂಪಾದಕರನ್ನು ನಂಬಿ. ಬೈಯದವರ ಬಗ್ಗೆ ಹುಷಾರಾಗಿರಿ.

ಈಗ ಖಾರದ ಮಾತು. ನಮ್ಮ ಭಾಗದಲ್ಲಿ ಅಂಗಡಿಯ ಖಾರದ ಪುಡಿ ತಂದು ಅಡುಗೆ ಮಾಡುವವಳನ್ನು ಯಾರೂ ಗೃಹಿಣಿ ಎನ್ನುವುದಿಲ್ಲ. ವರ್ಷಕ್ಕಾಗುವ ಮಸಾಲಿ ಖಾರವನ್ನು ಮನೆಯಲ್ಲೇ ಮಾಡಬೇಕು. ಮೆಣಸಿನಕಾಯಿ ಒಣಗಿಸಿ, ತೊಟ್ಟು ಮುರಿದು, ಎಣ್ಣೆಯಲ್ಲಿ ಹುರಿದು, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೊಬ್ಬರಿ, ಮಸಾಲೆಗಳನ್ನೆಲ್ಲ ಬೇರೆ ಬೇರೆ ಹುರಿದು ಕುಟ್ಟಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಅದಕ್ಕೆ ಓಣಿಯ ಹೆಂಗಸರೆಲ್ಲ ಮುಯ್ಯಿ ಹಿಡಿಯುತ್ತಾರೆ. ಇವತ್ತು ನಿಮ್ಮ ಮನೆಗೆ ನಾವೆಲ್ಲ, ನಾಳೆ ನಮ್ಮ ಮನೆಗೆ ನೀವೆಲ್ಲ. ನಮ್ಮ ಓಣಿಯ ಮುಯ್ಯಿಗೆ ಯಜಮಾನಿ ಬಾಳವ್ವ, ಅಪ್ಪಾಸಾಬ ಅಣ್ಣನ ಹೆಂಡತಿ. ನಾನು ಬಾಳಕ್ಕ ಎನ್ನುತ್ತೇನೆ. ಯಾರ ಮನೆಯ ಖಾರವಾದರೂ ಮೆಣಸಿನಕಾಯಿ ಹುರಿಯುವವಳು ಅವಳೇ. ಯಾರ ಮನೆಗೆ ಯಾವ ದಿನ ಎಂದು ಹೇಳುವವಳೂ ಅವಳೇ.

ಎರಡು ವರ್ಷದ ಹಿಂದೆ ಆ ಕೆಲಸದ ಬಗ್ಗೆ ನಾನು ಮನಸ್ಸಿಟ್ಟು ಬರೆದೆ. ಚಿಗುರು, ಕೋಗಿಲೆ ಎಲ್ಲ ಬಿಟ್ಟು, ಇದೇ ನಮ್ಮ ವಸಂತ, ಇಡೀ ಓಣಿ ಕೆಮ್ಮುತ್ತ ಸೀನುತ್ತ ನಗುವ ಕಾಲ ಎಂದು ಬರೆದೆ. ಜೊತೆಗೆ ಹಿಂದಿನ ಸುಗ್ಗಿಯಲ್ಲಿ ನಾನು ತೆಗೆದಿಟ್ಟಿದ್ದ ಒಂದು ಫೋಟೋ. ಬಾಳಕ್ಕ ಒಲೆಯ ಮುಂದೆ ಕುಳಿತು ಮೆಣಸಿನಕಾಯಿ ಹುರಿಯುತ್ತಿದ್ದಾಳೆ, ಘಾಟಿಗೆ ಕಣ್ಣಿಂದ ಧಾರಾಕಾರ ನೀರು, ಸೆರಗು ಬಾಯಿಗೆ ಅಡ್ಡ, ಬೆವರಿಗೆ ಕುಂಕುಮ ಕರಗಿ ಅಳಿಸಿದೆ. ಸೆರಗಿನ ಹಿಂದೆ ಅವಳು ನಗುತ್ತಿದ್ದಳು, ಅದು ನನಗೆ ಗೊತ್ತು, ಓಣಿಗೆ ಗೊತ್ತು. ಫೋಟೋದ ಅಂಚಿನಲ್ಲಿ ಅಪ್ಪಾಸಾಬ ಅಣ್ಣ ಕಟ್ಟೆಯ ಮೇಲೆ ಕುಳಿತು, ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು ಚಹಾ ಕುಡಿಯುತ್ತಿದ್ದರು.

ಯುಗಾದಿಯ ದಿನ ವಿಶೇಷಾಂಕ ಬಂತು. ಪುಟದ ಮೇಲೆ ಅರ್ಧ ಭಾಗ ಬಾಳಕ್ಕನ ಮುಖ. ಮೇಲೆ ದಪ್ಪ ಅಕ್ಷರದಲ್ಲಿ 'ಬತ್ತಿದ ಬದುಕು, ಬತ್ತದ ಕಣ್ಣೀರು'. ನನ್ನ ಲೇಖನದ ಕಾಲು ಭಾಗ ಉಳಿದಿತ್ತು. ಅದರೊಳಗೆ ನಾನು ಬರೆಯದ ಸಾಲುಗಳು: 'ಬಾಳ ಸಂಗಾತಿಯನ್ನು ಕಳೆದುಕೊಂಡ ಈ ರೈತ ಮಹಿಳೆಯ ಪಾಲಿಗೆ ವಸಂತ ಬರುವುದೇ ಇಲ್ಲ.' ಚಹಾ ಕುಡಿಯುತ್ತಿದ್ದ ಅಪ್ಪಾಸಾಬ ಅಣ್ಣನನ್ನು ಫೋಟೋದಿಂದ ಕತ್ತರಿಸಿ ತೆಗೆದಿದ್ದರು. ಕತ್ತರಿಸಿದ ಮೇಲೆ ಅವರು ಎಲ್ಲಿ ಹೋದರು ಎಂದು ಓದುಗರು ಕೇಳಬಾರದಲ್ಲ, ಅದಕ್ಕೆ ಸಾಯಿಸಿಯೂ ಬಿಟ್ಟಿದ್ದರು. ಕೆಳಗೆ ನನ್ನ ಹೆಸರು.

ನಾನಿನ್ನೂ ಓದಿ ಮುಗಿಸಿರಲಿಲ್ಲ, ಓಣಿಯ ತುದಿಯಿಂದ ಅಳು ಕೇಳಿತು. ಸಾವಿನ ಮನೆಗೆ ಬರುವವರು ನಮ್ಮಲ್ಲಿ ದೂರದಿಂದಲೇ ಎದೆ ಬಡಿದುಕೊಳ್ಳುತ್ತ ಬರುತ್ತಾರೆ. ಬಾಳಕ್ಕನ ತವರು ರಾಯಬಾಗ ತಾಲೂಕಿನ ಅಲಖನೂರ. ಅಲ್ಲಿ ಯಾರೋ ಪೇಪರ್ ಓದಿ ಹೇಳಿದ್ದಾರೆ. ಅವಳ ಅಣ್ಣ, ಅತ್ತಿಗೆ, ಚಿಕ್ಕಮ್ಮ ಎಲ್ಲರೂ ಹಬ್ಬದ ಅಡುಗೆ ಒಲೆಯ ಮೇಲೆ ಬಿಟ್ಟು, ಒಂದು ಗಾಡಿ ಮಾಡಿಕೊಂಡು ಬಂದಿದ್ದರು. "ಯಪ್ಪಾ ಅಪ್ಪಾಸಾಬಾ, ನಮ್ಮ ಹುಡಿಗೀನ ಬಿಟ್ಟ ಹ್ಯಾಂಗ ಹೋದ್ಯೋ," ಎಂದು ಅತ್ತಿಗೆ ಕೂಗುತ್ತ ಮನೆಯೊಳಗೆ ನುಗ್ಗಿದರೆ, ಅಪ್ಪಾಸಾಬ ಅಣ್ಣ ಹೊಸ ಧೋತರ ಉಟ್ಟು ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದಾರೆ. "ನಾ ಎಲ್ಲೂ ಹೋಗಿಲ್ರಿ, ಇಲ್ಲೇ ಅದೀನಿ," ಎಂದರಂತೆ. ಈಗ ಹೇಳುವಾಗ ನಗು ಬರುತ್ತದೆ. ಆಗ ಯಾರೂ ನಗಲಿಲ್ಲ. ವರ್ಷದ ಮೊದಲ ದಿನ ಮುತ್ತೈದೆಯ ಬಾಗಿಲಲ್ಲಿ ಸಾವಿನ ಅಳು ಬಿದ್ದಿತ್ತು.

ಬಾಳಕ್ಕ ಪೇಪರನ್ನು ಮಡಚಿ ಹಿಡಿದು ನಮ್ಮ ಅಂಗಳಕ್ಕೆ ಬಂದಳು. ಅವಳಿಗೆ ಓದಲು ಬರುವುದಿಲ್ಲ, ಓದಿಸಿಕೊಂಡು ಬಂದಿದ್ದಳು.

"ಇದರಾಗ ಯಾರ ಹೆಸರೈತಿ, ಸುಮಕ್ಕಾ?"

"ನಂದ. ಆದ್ರ ನಾ ಹೀಂಗ ಬರ್ದಿಲ್ಲ, ಬಾಳಕ್ಕಾ. ದೇವರಾಣಿ ಬರ್ದಿಲ್ಲ."

"ಓದಿದವ್ರು ನಿನ್ನ ಹೆಸರ ಓದ್ಯಾರ. ಬರ್ದಿಲ್ಲಂದ್ರ, ಬರ್ದಿಲ್ಲಂತ ಬರಿ. ಇಷ್ಟ ದೊಡ್ಡದ ಬರಿ." ಅವಳು ತನ್ನ ಫೋಟೋದ ಮೇಲೆ ಅಂಗೈ ಅಗಲಿಸಿ ತೋರಿಸಿದಳು. "ಅಲ್ಲೀತನಕ ನನ್ನ ಹೊಸ್ತಿಲಾ ತುಳೀಬ್ಯಾಡ."

ಅವಮಾನ ಅಲ್ಲಿಗೇ ನಿಲ್ಲಲಿಲ್ಲ. ನಿಪ್ಪಾಣಿಯ ಯಾವುದೋ ಸಂಘದವರು 'ನೊಂದ ಮಹಿಳೆ'ಗೆ ಸೀರೆ ಹಿಡಿದುಕೊಂಡು, ಫೋಟೋ ತೆಗೆಯುವವನನ್ನೂ ಕರೆದುಕೊಂಡು ಬಂದರು. ಅಪ್ಪಾಸಾಬ ಅಣ್ಣನೇ ಬಾಗಿಲು ತೆಗೆದರು. ಅಥಣಿಯಿಂದ ಒಬ್ಬರು, ಕಾಗವಾಡದಿಂದ ಒಬ್ಬರು ನನಗೇ ಫೋನ್ ಮಾಡಿ, ಓದಿ ಅತ್ತೆವು ಎಂದು ಹೊಗಳಿದರು. ಅಷ್ಟು ವರ್ಷ ದುಡಿದು ತಿನ್ನುವ ಹೆಂಗಸರ ಬಗ್ಗೆ ಬರೆದಾಗ ಒಬ್ಬರೂ ಫೋನ್ ಮಾಡಿರಲಿಲ್ಲ. ರೈತ ಹೆಂಗಸು ಅತ್ತರೇ ಅವಳು ಇವರ ಕಣ್ಣಿಗೆ ಬೀಳುವುದು. ನಕ್ಕರೆ ಅವಳು ಸುದ್ದಿಯಲ್ಲ. ಇದಕ್ಕಿಂತ ಕೆಟ್ಟ ಹೊಗಳಿಕೆಯನ್ನು ನಾನು ಕೇಳಿಲ್ಲ.

ಮಧುಸೂದನರಿಗೆ ಫೋನ್ ಮಾಡಿದೆ. "ಮೇಡಂ, ಅಭಿನಂದನೆಗಳು! ಪ್ರತಿಕ್ರಿಯೆ ಅದ್ಭುತವಾಗಿದೆ," ಎಂದರು.

"ಆಕಿ ಗಂಡ ಜೀವಂತ ಅದಾನ್ರಿ!"

"ಹೌದಾ? ಇರಲಿ ಮೇಡಂ, ಅದನ್ನ ಒಂದು ಸಂಕೇತ ಅಂತ ತಗೋಬೇಕು. ಆ ಮುಖದಲ್ಲಿ ಇಡೀ ರೈತ ಸಮುದಾಯದ ನೋವಿದೆ."

"ನೋವಲ್ರಿ ಅದು, ಮೆಣಸಿನಕಾಯಿ ಘಾಟ! ಬರ್ದ ಕಳಿಸಿದ್ನೆಲ್ರಿ?"

"ನೋಡೋಣ ಮೇಡಂ, ಮುಂದಿನ ವಾರ ಏನಾದ್ರೂ ಮಾಡೋಣ."

ಮುಂದಿನ ವಾರ ಏನೂ ಆಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕೊನೆಗೆ ನಾನು ಅಪ್ಪಾಸಾಬ ಅಣ್ಣನ ಮನೆಯ ಹೊರಗೇ ನಿಂತು, ನನ್ನ ಜೊತೆ ಬರ್ರಿ ಎಂದು ಕೇಳಿಕೊಂಡೆ. ಪಾಪ, ಅವರು ದೊಡ್ಡ ಮನಸ್ಸಿನವರು. ತಲೆಗೆ ಪಟಕಾ ಸುತ್ತಿಕೊಂಡು ಬಸ್ ಹತ್ತಿದರು. ಕಚೇರಿಯಲ್ಲಿ ಮಧುಸೂದನರು ನಮ್ಮನ್ನು ಗಾಜಿನ ಕೋಣೆಯಲ್ಲಿ ಕೂರಿಸಿದರು. "ಇವರು ಯಾರು ಮೇಡಂ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಕೈ ಮುಗಿದು, "ನಿಮ್ಮ ಪೇಪರಿನ್ಯಾಗ ಸತ್ತಾವ ನಾನ ರೀ," ಎಂದರು. ಮಧುಸೂದನರು ಚಹಾ ತರಿಸಿದರು. ಅಣ್ಣ ಅದನ್ನೂ ಬಸಿಗೆ ಸುರಿದುಕೊಂಡು ಕುಡಿದರು.

ತಿದ್ದುಪಡಿ ಬಂತು. ಟೆಂಡರ್ ಜಾಹೀರಾತುಗಳ ಪುಟದಲ್ಲಿ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣ ಅಕ್ಷರದಲ್ಲಿ: 'ಕರೋಶಿಯ ಬಾಳವ್ವ ಅವರ ಪತಿ ಜೀವಂತವಾಗಿದ್ದಾರೆಂದು ತಿಳಿದುಬಂದಿದೆ.' ತಿಳಿದುಬಂದಿದೆಯಂತೆ! ಎದುರಿಗೆ ಕುಳಿತು ಚಹಾ ಕುಡಿದುಹೋದ ಮನುಷ್ಯ ಬದುಕಿದ್ದಾನೆ ಎನ್ನಲು ಇವರಿಗೆ ಇನ್ನೂ ಅನುಮಾನ. ನಾನು ಆ ತುಣುಕನ್ನು ಬಾಳಕ್ಕನಿಗೆ ಕೊಟ್ಟು ಕಳಿಸಿದೆ. ಅವಳು ಅದನ್ನು ತನ್ನ ಫೋಟೋದ ಪಕ್ಕ ಇಟ್ಟು ನೋಡಿ, ಹಿಂದಕ್ಕೆ ಕಳಿಸಿದಳು.

ಮರುವರ್ಷ ಓಣಿಯ ಮುಯ್ಯಿ ನಮ್ಮ ಮನೆಯನ್ನು ದಾಟಿ ಹೋಯಿತು. ಎಡಗಡೆಯ ಮನೆಯ ಖಾರವಾಯಿತು, ಬಲಗಡೆಯ ಮನೆಯ ಖಾರವಾಯಿತು. ಘಾಟು ನಮ್ಮ ಮನೆಗೂ ಬಂತು, ಹೆಂಗಸರು ಬರಲಿಲ್ಲ. ನಾನು ಒಳಗೆ ಕುಳಿತು ಸೀನುತ್ತ ಅತ್ತುಬಿಟ್ಟೆ. ಚಿಕ್ಕೋಡಿಯ ಅಂಗಡಿಯಿಂದ ಖಾರದ ಪುಡಿಯ ಪೊಟ್ಟಣ ತಂದು, ಹೊರಗೆ ಯಾರಿಗೂ ಕಾಣದಂತೆ ಡಬ್ಬಿಗೆ ಸುರಿದೆ. ನಮ್ಮ ಯಜಮಾನರು ಒಂದು ತುತ್ತು ತಿಂದು, "ಇದಕ್ಕ ಬಣ್ಣ ಅಷ್ಟ ಐತಿ," ಎಂದರು.

ಆ ವರ್ಷವೂ ಶಿವರಾತ್ರಿಗೆ ಮೊದಲೇ ಮಧುಸೂದನರು ವಿಶೇಷಾಂಕಕ್ಕೆ ಲೇಖನ ಕೇಳಿದ್ದರು. ಒಂದೇ ಶರತ್ತು ಎಂದೆ. ಹೋದ ವರ್ಷ ಅಚ್ಚಾದ ಫೋಟೋ, ಅಷ್ಟೇ ದೊಡ್ಡದಾಗಿ, ಅಪ್ಪಾಸಾಬ ಅಣ್ಣ ಮತ್ತು ಅವರ ಚಹಾದ ಸಮೇತ ಬರಬೇಕು. ಕೆಳಗೆ ನಾನು ನಿಜವಾಗಿ ಬರೆದ ಲೇಖನ. ಅವರು ಅದೇ ತಣ್ಣನೆಯ ದನಿಯಲ್ಲಿ, "ಅದರಲ್ಲಿ ಸುದ್ದಿ ಏನಿದೆ ಮೇಡಂ? ಗಂಡ ಹೆಂಡತಿ ಮನೆಯಲ್ಲಿ ಕೂತಿದ್ದಾರೆ, ಅಷ್ಟೇ ತಾನೇ?" ಎಂದರು. ಹಾಗಾದರೆ ನನ್ನ ಅಂಕಣವೂ ಇಲ್ಲ ಎಂದೆ. ಇದೇ ನನ್ನ ನಿವೃತ್ತಿ. ಹಾರವಿಲ್ಲ, ಶಾಲಿಲ್ಲ. ಆ ಭಾನುವಾರ ಪುರವಣಿಯಲ್ಲಿ 'ವಯೋಸಹಜ ಅನಾರೋಗ್ಯದ ಕಾರಣ ಅಂಕಣಗಾರ್ತಿ ಬರೆಯುವುದನ್ನು ನಿಲ್ಲಿಸಿದ್ದಾರೆ' ಎಂದು ಅಚ್ಚಾಯಿತು. ನಾನು ಆ ಹೊತ್ತಿನಲ್ಲಿ ತಲೆಯ ಮೇಲೆ ಜೋಳದ ಸಿವುಡು ಹೊತ್ತು ನಿಂತಿದ್ದೆ. ಒಬ್ಬರನ್ನು ಸಾಯಿಸಿದವರಿಗೆ ಇನ್ನೊಬ್ಬಳನ್ನು ಹಾಸಿಗೆ ಹಿಡಿಸುವುದು ಏನು ದೊಡ್ಡದು?

ಅದರ ಮೇಲೆ ಒಂದು ವರ್ಷ ನಾನು ಪೆನ್ನು ಮುಟ್ಟಲಿಲ್ಲ. ಮೇಜಿನ ಮೇಲೆ ಜೋಳದ ಚೀಲ ಹಾಗೆಯೇ ಉಳಿಯಿತು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಈ ಸಲ ಚೀಲ ಇಡಿಸಿದವಳು ನಾನೇ. ಎರಡು ಕೆಲಸ ಹೇಗೆ ತೂಗಿಸಿದಿರಿ ಎಂದು ಕೇಳುವ ಸ್ನೇಹಲ್‌ಗೆ ಇದನ್ನೂ ಹೇಳಬೇಕು: ಒಂದನ್ನು ಬಿಟ್ಟ ವರ್ಷ ಇನ್ನೊಂದು ಹಗುರಾಗಲಿಲ್ಲ. ಹಾಲು ಹಿಂಡುವಾಗ ತಲೆಯಲ್ಲಿ ವಾಕ್ಯ ಕಟ್ಟಿಕೊಳ್ಳುವುದು ತಪ್ಪಲಿಲ್ಲ. ಚರಿಗೆ ಇಳಿಸಿದ ಮೇಲೆ ಅದನ್ನು ಎಲ್ಲಿ ಇಡಬೇಕೋ ತಿಳಿಯದೆ ದಿನವೆಲ್ಲ ಯಾರ ಮೇಲಾದರೂ ರೇಗುತ್ತಿದ್ದೆ.

ಸ್ನೇಹಲ್ ಫೋನ್ ಮಾಡಿದ್ದನ್ನು, ನಾನು ಆಗಲ್ಲ ಎಂದದ್ದನ್ನು ನಮ್ಮ ಯಜಮಾನರು ಅಪ್ಪಾಸಾಬ ಅಣ್ಣನ ಹತ್ತಿರ ಹೇಳಿದ್ದರು. ಯಾವ ಶರತ್ತಿಗಾಗಿ ಅಂಕಣ ಬಿಟ್ಟೆ ಎಂಬುದನ್ನೂ ಆಗಲೇ ಹೇಳಿದರಂತೆ, ಅಲ್ಲಿಯವರೆಗೆ ಅದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿನ್ನೆ ಸಂಜೆ ಬಾಳಕ್ಕ ಬಂದಳು. ಎರಡು ವರ್ಷದ ಮೇಲೆ ನಮ್ಮ ಅಂಗಳ ತುಳಿದಿದ್ದಳು. ನನಗೆ ಎದೆ ತುಂಬಿ ಬಂತು. ಅವಳಿಗೆ ಅದಾವುದೂ ಇರಲಿಲ್ಲ, ಮುಖ ಕೆಂಪಾಗಿತ್ತು.

"ನನ್ನ ಸಲುವಾಗಿ ಬರ್ಯೂದ ಬಿಟ್ಟೀಯಂತ, ಖರೇ ಏನ?"

"ಹೌದ, ಬಾಳಕ್ಕಾ. ಅವ್ರು ಖರೇದ ಹಾಕಾಕ ಒಪ್ಪಲಿಲ್ಲ. ಬಿಟ್ಟೆ."

"ಶಾಣ್ಯಾಕಿ ಭಾಳ! ನನ್ನ ಗಂಡನ್ನ ಸಾಯಿಸಿದವ್ರು ಆರಾಮ ಬರ್ಕೋತ ಕುಂತಾರ. ಬದಕ್ಯಾನ ಅಂತ ಹೇಳೂವಕಿ ಬಾಯಿ ಮುಚಗೊಂಡ ಕುಂತಿ. ನಾ ನಿನಗ ಬಿಡಂತ ಹೇಳಿದ್ನ್ಯಾ? ಬರಿ ಅಂತ ಹೇಳಿದ್ದೆ!"

ಆ ಪತ್ರಿಕೆಯ ಮೇಲೆ ನನಗಿದ್ದ ಸಿಟ್ಟೆಲ್ಲ ನ್ಯಾಯವಾದದ್ದೇ, ಈಗಲೂ ಒಂದಿಷ್ಟೂ ಕಡಿಮೆಯಾಗಿಲ್ಲ. ಆದರೆ ಬಾಳಕ್ಕನ ಸಿಟ್ಟಿಗೆ ನಾನು ಇನ್ನೂ ಏನನ್ನೂ ಕೊಟ್ಟಿರಲಿಲ್ಲ. ನಿಪ್ಪಾಣಿಯವರ ಪುಸ್ತಕದ ವಿಷಯ ಹೇಳಿದೆ. "ಫೋಟೋ ಪೂರಾ ಹಾಕ್ತಾರೇನ ಕೇಳ," ಎಂದಳು. ಅಲ್ಲಿಂದಲೇ ಸ್ನೇಹಲ್‌ಗೆ ಫೋನ್ ಮಾಡಿಸಿದಳು. ಪೂರ್ತಿ ಹಾಕುತ್ತಾರೆ, 'ಬಸಿಯ ಸಮೇತ' ಎಂದು ಸ್ನೇಹಲ್ ಮಾತು ಕೊಟ್ಟಳು.

ಬಾಳಕ್ಕ ಒಳಕೋಣೆಗೆ ಹೋಗಿ ಮೇಜಿನ ಮೇಲಿನ ಚೀಲ ನೋಡಿದಳು. "ಹಿಡಿ ಆ ಕಡೆ," ಎಂದಳು. ಇಬ್ಬರೂ ಕೂಡಿ ಚೀಲವನ್ನು ಪಡಸಾಲೆಗೆ ಎಳೆದು ಹಾಕಿದೆವು. ಸೆರಗಿನಿಂದ ಮೇಜು ಒರೆಸಿ, ನನ್ನನ್ನು ಕೂರಿಸಿದಳು. ನಾನು ಇಷ್ಟು ವರ್ಷ ಕಲಿತದ್ದನ್ನೆಲ್ಲ ನೆನೆಸಿಕೊಂಡು, ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತ ಪೆನ್ನು ಹಿಡಿದೆ.

"ಏನ ವಿಚಾರ ಮಾಡ್ತಿ? ಮೊದಲ ಅಂವಾ ಬದಕ್ಯಾನಂತ ಬರಿ," ಎಂದಳು.

ಬರೆದೆ. ಓದು ಎಂದಳು, ಓದಿದೆ. ಇನ್ನೊಮ್ಮೆ ಓದಿಸಿದಳು. ಬಾಗಿಲ ಹೊರಗೆ ಅಪ್ಪಾಸಾಬ ಅಣ್ಣ ಕೆಮ್ಮಿದ್ದು ಕೇಳಿತು.

"ಹಾಂ, ಇನ್ನ ನಿಂದ ಏನೈತಿ ಬರ್ಕೊ," ಎಂದು ಬಾಳಕ್ಕ ಎದ್ದಳು. "ನಾಳಿ ಮೆಣಸಿನಕಾಯಿ ಬಿಸಲಿಗೆ ಹಾಕಿಡು. ನಾಡದ ನಿಮ್ಮನಿ ಖಾರ, ಎಲ್ಲಾರೂ ಬರ್ತಾರ. ಅಷ್ಟರಾಗ ಮುಗಸ."

ಮುಗಿಸಿದ್ದೇನೆ, ಬಾಳಕ್ಕಾ.